ಪ್ರಾರ್ಥನೆಯ ಜೊತೆಗೊಂದು ಚೀಟಿ

ಗಾಣಗಾಪುರದ ನಿರ್ಗುಣ ಮಠದಲ್ಲಿ ಮಧ್ಯಾಹ್ನದ ಆರತಿಗೆ ಗಂಟೆ, ನಗಾರಿ ಶುರುವಾದರೆ ಪ್ರಾಂಗಣದ ಒಂದು ಮಗ್ಗುಲಲ್ಲಿ ಬೇರೆಯದೇ ಸದ್ದು ಏಳುತ್ತದೆ. ಕೂದಲು ಬಿಚ್ಚಿಕೊಂಡ ಹೆಣ್ಣುಮಕ್ಕಳು, ಕಣ್ಣು ಕೆಂಪಗಾದ ಹುಡುಗರು ಕೂಗುತ್ತಾರೆ, ಗಿರಗಿರ ತಿರುಗುತ್ತಾರೆ, ಕೆಲವರು ಕಂಬ ಹಿಡಿದು ಮೇಲೇರುತ್ತಾರೆ. ಆರತಿ ಮುಗಿಯುತ್ತಿದ್ದಂತೆ ಬಹಳಷ್ಟು ಮಂದಿ ಇಳಿದು, ಸೆರಗು ಸರಿಮಾಡಿಕೊಂಡು, ಮನೆಯವರು ಹಿಡಿದ ತಂಬಿಗೆಯ ನೀರು ಕುಡಿದು ಗೋಡೆಗೆ ಒರಗುತ್ತಾರೆ. ನೋಡಿದವರಲ್ಲಿ ಅರ್ಧ ಮಂದಿ ಕೈಮುಗಿಯುತ್ತಾರೆ, ಉಳಿದವರು ಇದೆಲ್ಲ ಮೂಢನಂಬಿಕೆ ಎಂದು ಗೊಣಗಿ ಬಸ್ಸು ಹತ್ತುತ್ತಾರೆ. ಆ ಹೆಣ್ಣುಮಗಳು ಮನೆಗೆ ಹೋದ ಮೇಲೆ ಏನಾಯಿತು ಎಂದು ಇಬ್ಬರೂ ಕೇಳುವುದಿಲ್ಲ.

ಭೀಮೆಯ ಈಚೆ ದಂಡೆಯ ಆಲಮೇಲ, ಸಿಂದಗಿ, ಇಂಡಿ ಸೀಮೆಯಿಂದ ಅಲ್ಲಿಗೆ ಹೋಗಿಬರುವವರು ಕಡಿಮೆಯೇನಿಲ್ಲ. ಮನೆಯಲ್ಲೊಬ್ಬರು ನಿದ್ದೆ ಬಿಟ್ಟರೆ, ಒಬ್ಬರೇ ಮಾತಾಡತೊಡಗಿದರೆ, ಬಾಣಂತಿ ಕೂಸನ್ನು ಮುಟ್ಟಲೊಲ್ಲೆ ಅಂದರೆ ಬಾಯಿಗೆ ಮೊದಲು ಬರುವ ಮಾತು ‘ಗಾಳಿ ಆಗ್ಯದ’, ಇಲ್ಲವೆ ‘ಯಾರೋ ಮಾಡ್ಸ್ಯಾರ’. ಮೊದಲು ಪೂಜಾರಿ, ಆಮೇಲೆ ದರ್ಗಾದ ಮುಜಾವರ, ಹೇಳಿಕೆ ಹೇಳುವವರು, ಊರ ಡಾಕ್ಟರು. ಎಲ್ಲ ಮುಗಿದ ಮೇಲೆ ವಿಜಯಪುರದ ಮನೋವೈದ್ಯರು. ಅಷ್ಟರಲ್ಲಿ ವರ್ಷ ಉರುಳಿರುತ್ತದೆ, ಕಬ್ಬಿನ ಬಿಲ್ಲು ಕರಗಿರುತ್ತದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮನೋರೋಗ ಇದ್ದವರಲ್ಲಿ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇಂಥ ಸೀಮೆಯಲ್ಲಿ ಕ್ರೈಸ್ತ ಆಪ್ತಸಮಾಲೋಚನೆಯ ಮಾತು ಯಾಕೆ ಎಂದು ಕೇಳಬಹುದು. ಬಸವಣ್ಣ ಹುಟ್ಟಿದ ಬಾಗೇವಾಡಿ, ಸಿದ್ಧೇಶ್ವರ ಸ್ವಾಮಿಗಳ ಜ್ಞಾನಯೋಗಾಶ್ರಮ, ಆದಿಲಶಾಹಿಗಳ ಮಸೀದಿ ಗುಂಬಜುಗಳ ಜಿಲ್ಲೆ ಇದು. ಕ್ರೈಸ್ತರು ಇಲ್ಲಿ ಬೆರಳೆಣಿಕೆಯವರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆಯೂರಿದ್ದ ಬಾಸೆಲ್ ಮಿಷನ್ ವಿಜಯಪುರಕ್ಕೆ ಬಂದದ್ದು 1885ರಲ್ಲಿ. ಕೆಥೋಲಿಕರ ಕಲಬುರಗಿ ಧರ್ಮಪ್ರಾಂತ್ಯ ರೂಪುಗೊಂಡದ್ದು 2005ರಲ್ಲಿ, ಮೊನ್ನೆ ಮೊನ್ನೆ ಎನ್ನಬೇಕು. ಆದರೆ ದೇವರ ಮಾತನ್ನೂ ಮನೋವೈದ್ಯವನ್ನೂ ಒಂದೇ ಕೋಣೆಯಲ್ಲಿ ಕೂಡಿಸುವುದು ಹೇಗೆಂದು ಕರ್ನಾಟಕದ ಕ್ರೈಸ್ತ ಸಂಸ್ಥೆಗಳು ಅರವತ್ತು ವರ್ಷಗಳಿಂದ ಜಗಳಾಡುತ್ತ, ಎಡವುತ್ತ, ಕಲಿಯುತ್ತ ಬಂದಿವೆ. ಆ ಕಲಿಕೆಯಲ್ಲಿ ಪ್ರಾರ್ಥನೆ ಇದೆ, ಬೈಬಲ್ ಇದೆ. ಅವು ಅವರವರ ನಂಬಿಕೆಗೆ ಬಿಟ್ಟದ್ದು. ಭೀಮಾ ತೀರದ ಮಠ, ಗುಡಿ, ದರ್ಗಾಗಳು ಎರವಲು ಪಡೆಯಬೇಕಾದದ್ದು ಬೇರೆ: ತರಬೇತಿ, ಗುಟ್ಟು ಕಾಯುವ ಶಿಸ್ತು, ತನ್ನ ಕೈಲಾಗದ್ದನ್ನು ಬಲ್ಲವರ ಕೈಗೆ ದಾಟಿಸುವ ಅಭ್ಯಾಸ.

ಬೆಂಗಳೂರಿನಲ್ಲಿ 1964ರಲ್ಲಿ ‘ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್’ ಎಂಬ ಸಂಸ್ಥೆ ಹುಟ್ಟಿತು. ವೈದ್ಯರು ಮತ್ತು ಸಭಾಪಾಲಕರ ಕೂಟ ಅದು. ಆಸ್ಪತ್ರೆಯಿಂದ ಬಿಡುಗಡೆಯಾದರೂ ಮನೆಗೆ ಹೋಗಿ ಬಾಳುವಷ್ಟು ಚೇತರಿಸಿಕೊಳ್ಳದವರಿಗೆ ನಡುದಾರಿಯ ಮನೆಯೊಂದು ಬೇಕು ಎಂದು ಹಾಫ್‌ವೇ ಹೋಮ್ ತೆರೆದ ದೇಶದ ಮೊದಲಿಗರ ಸಾಲಿನಲ್ಲಿ ಇದರ ಹೆಸರಿದೆ. ನಿಮ್ಹಾನ್ಸ್ ಈಗಿನ ರೂಪ ಪಡೆದದ್ದು 1974ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಪಾದ್ರಿಗಳು ಮತ್ತು ಮನೋವೈದ್ಯರು ಒಂದೇ ಮೇಜಿಗೆ ಕೂತಿದ್ದರು. ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗೆ ಫೋನಿನಲ್ಲಿ ಕಿವಿಗೊಡುವ ‘ಸಹಾಯ್’ ಸಹಾಯವಾಣಿಯ ಹಿಂದೆಯೂ ಇದೇ ಸಂಸ್ಥೆ ನಿಮ್ಹಾನ್ಸ್ ಜೊತೆಗೂಡಿ ಕೆಲಸ ಮಾಡಿತು.

1979ರಲ್ಲಿ ಜೆಸ್ವಿತ್ ಪಾದ್ರಿ ಹ್ಯಾಂಕ್ ನನ್ ಬೆಂಗಳೂರಿನಲ್ಲಿ ‘ಆತ್ಮಶಕ್ತಿ ವಿದ್ಯಾಲಯ’ ಆರಂಭಿಸಿದರು. ಸ್ಕಿಜೋಫ್ರೇನಿಯಾದಂಥ ಕಷ್ಟದ ಕಾಯಿಲೆಯವರು ಒಟ್ಟಿಗೆ ಬದುಕುತ್ತ, ಹೊಣೆ ಹಂಚಿಕೊಳ್ಳುತ್ತ ಸುಧಾರಿಸುವ ಚಿಕಿತ್ಸಾ ಸಮುದಾಯ ಅದು. ಕಟ್ಟಿದವರು ಪಾದ್ರಿ, ಆದರೆ ಒಳಗೆ ನಡೆಯುತ್ತಿದ್ದದ್ದು ಟ್ರಾನ್ಸಾಕ್ಷನಲ್ ಅನಾಲಿಸಿಸ್ ಎಂಬ ಮನಶ್ಶಾಸ್ತ್ರೀಯ ಪದ್ಧತಿ. ಅಂದರೆ ಅವರ ದೀಕ್ಷೆ ಅವರನ್ನು ಆ ಕೆಲಸಕ್ಕೆ ತಂದಿತು, ಕೆಲಸ ಮಾತ್ರ ಕಲಿತ ವಿದ್ಯೆಯಿಂದಲೇ ನಡೆಯಿತು. ಕ್ರೈಸ್ತ ಆಪ್ತಸಮಾಲೋಚನೆಯ ಒಳ್ಳೆಯ ಮಾದರಿಗಳಲ್ಲಿ ಈ ಗೆರೆ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಕಡೆಯ ಎಷ್ಟೋ ಮನೆಗಳವರು ಇವತ್ತಿಗೂ ನೆಚ್ಚುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರಲ್ಲಿ ಡಾ. ಫ್ಲಾರೆನ್ಸ್ ನಿಕೋಲ್ಸ್ ಮುಂದಾಳತ್ವದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ತೆರೆದಾಗ ಒಂದು ಷರತ್ತು ಹಾಕಿತು: ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು. ಹುಚ್ಚಾಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಮರೆತುಬಿಡುವ ಕಾಲದಲ್ಲಿ ಇದು ದೊಡ್ಡ ಮಾತು. ಗಾಣಗಾಪುರದಲ್ಲಾಗಲಿ, ದರ್ಗಾದಲ್ಲಾಗಲಿ ರೋಗಿಯ ಪಕ್ಕ ಅವ್ವನೋ ತಮ್ಮನೋ ಹಗಲಿರುಳು ಕೂತಿರುತ್ತಾರಲ್ಲ, ಆ ಬಲವನ್ನೇ ವೆಲ್ಲೂರು ಆಸ್ಪತ್ರೆಯೊಳಗೆ ತಂದುಕೊಂಡಿತು. ಅದೇ ಊರಿನ ಕ್ರಿಶ್ಚಿಯನ್ ಕೌನ್ಸೆಲಿಂಗ್ ಸೆಂಟರ್ ಬಿ. ಜೆ. ಪ್ರಶಾಂತಂ ಅವರ ಕಾಲದಲ್ಲಿ ಸಭಾಪಾಲಕರಿಗೆ, ಶಿಕ್ಷಕರಿಗೆ, ಸಿಸ್ಟರುಗಳಿಗೆ ಆಪ್ತಸಮಾಲೋಚನೆ ಕಲಿಸಿತು. ಜೆಸ್ವಿತ್ ಜೋ ಕರಿ ‘ಬರಿಗಾಲ ಆಪ್ತಸಮಾಲೋಚಕ’ ಎಂಬ ಅರ್ಥದ ಹೆಸರಿನ ಪುಸ್ತಕವನ್ನೇ ಬರೆದರು. ಹೆಸರಿನಲ್ಲೇ ತಿಳಿಯುವಂತೆ ಅದು ಬರೆದದ್ದು ಪದವಿ ಇಲ್ಲದ ಸಾಮಾನ್ಯ ನೆರವುಗಾರನಿಗಾಗಿ.

ಸರಿ, ವಿದ್ಯೆ ಮನಶ್ಶಾಸ್ತ್ರದ್ದೇ ಆದರೆ ಆಧ್ಯಾತ್ಮಿಕ ಮಾರ್ಗದರ್ಶನಕ್ಕೆ ಅಲ್ಲೇನು ಕೆಲಸ? ಮಾತ್ರೆ ಬರೆಯುವವರು ಬರೆಯಲಿ, ಪಾದ್ರಿ ಚರ್ಚಿನಲ್ಲಿರಲಿ, ಸ್ವಾಮಿಗಳು ಮಠದಲ್ಲಿರಲಿ ಎಂದು ವಿಚಾರವಾದಿಗಳು ಹೇಳುತ್ತಾರೆ. ಈ ವಾದ ಅಚ್ಚುಕಟ್ಟಾಗಿದೆ. ರೋಗಿಯ ಎದುರು ನಿಲ್ಲುವುದಿಲ್ಲ.

ಒಂದು ಊಹೆಯ ಉದಾಹರಣೆ. ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಗುಳೆ ಹೋದ ಹೆಣ್ಣುಮಗಳೊಬ್ಬಳು ಅಲ್ಲಿ ಆರು ತಿಂಗಳ ಕೂಸನ್ನು ಕಳೆದುಕೊಂಡಿದ್ದಾಳೆ ಎನ್ನಿ. ಊರಿಗೆ ಮರಳಿದವಳು ಉಣ್ಣುವುದಿಲ್ಲ, ಮಾತಾಡುವುದಿಲ್ಲ. ಡಾಕ್ಟರು ಕೇಳಿದರೆ ಒಂದೇ ಮಾತು: ‘ದೇವ್ರು ಶಿಕ್ಷಾ ಕೊಟ್ಟಾನ್ರಿ, ಹರಕಿ ಮುಟ್ಟಿಸಿಲ್ಲ ನಾ.’ ಖಿನ್ನತೆಗೆ ಔಷಧ ಇದೆ, ಅದು ಬೇಕೇ ಬೇಕು. ಆದರೆ ಹರಕೆ ಮುಟ್ಟಿಸದ ಪಾಪಕ್ಕೆ ಕೂಸು ಹೋಯಿತು ಎಂಬ ನಂಬಿಕೆಗೆ ಯಾವ ಗುಳಿಗೆ ಬರೆಯುತ್ತಾರೆ? ‘ಅಂಥದ್ದೆಲ್ಲ ಇಲ್ಲಮ್ಮ’ ಎಂದು ಬಿಳಿ ಕೋಟಿನವರು ಹೇಳಿದರೆ ಆಕೆ ತಲೆಯಾಡಿಸಿ ಹೊರಡುತ್ತಾಳೆ. ಮುಂದಿನ ತಿಂಗಳು ಬರುವುದಿಲ್ಲ. ದೇವರು ಹಾಗೆ ಲೆಕ್ಕ ಇಟ್ಟು ಕೂಸು ಕಸಿಯುವವನಲ್ಲ ಎಂಬ ಮಾತು ಅವಳು ನಂಬುವ ಬಾಯಿಂದಲೇ ಬರಬೇಕು. ಅದು ಐನೋರದ್ದಿರಬಹುದು, ಮುಲ್ಲಾನದ್ದಿರಬಹುದು, ಆಕೆ ಕ್ರೈಸ್ತಳಾದರೆ ಫಾದರ್ ಅಥವಾ ಪಾಸ್ಟರದ್ದಿರಬಹುದು.

ಇದು ಬರೀ ಭಾವುಕ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ್ದ 55 ವರ್ಷ ಮೀರಿದ 596 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರು ತನ್ನನ್ನು ಕೈಬಿಟ್ಟ, ಪ್ರೀತಿಸುತ್ತಿಲ್ಲ ಎಂದು ಒಳಗೊಳಗೇ ಹೋರಾಡುತ್ತಿದ್ದವರಲ್ಲಿ ಸಾವಿನ ಸಂಭವ ಹೆಚ್ಚಿತ್ತು. ನಂಬಿಕೆ ಊರುಗೋಲೂ ಆಗುತ್ತದೆ, ಎದೆಯ ಮೇಲಿನ ಬಂಡೆಯೂ ಆಗುತ್ತದೆ. ಯಾವುದಾಗಿದೆ ಎಂದು ಕೇಳದೆ ಚಿಕಿತ್ಸೆ ಮಾಡುವುದು ಅರೆಬರೆ ಕೆಲಸ. ಮನೋವೈದ್ಯರ ಜಾಗತಿಕ ಒಕ್ಕೂಟವಾದ ವರ್ಲ್ಡ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2016ರಲ್ಲಿ ಹೊರಡಿಸಿದ ಹೇಳಿಕೆಯೂ ಇದನ್ನೇ ಹೇಳಿತು: ರೋಗಿಯ ಧರ್ಮ, ಆಧ್ಯಾತ್ಮಗಳನ್ನು ವಿಚಾರಿಸಿ ತಿಳಿದುಕೊಳ್ಳಿ, ನಿಮ್ಮ ನಂಬಿಕೆಯನ್ನಾಗಲಿ ಅಪನಂಬಿಕೆಯನ್ನಾಗಲಿ ಅವರ ಮೇಲೆ ಹೇರಬೇಡಿ.

ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯದ್ದು. 1992ರಲ್ಲಿ ರೆಬೆಕಾ ಪ್ರಾಪ್ಸ್ಟ್ ಮತ್ತು ಸಂಗಡಿಗರು ಖಿನ್ನತೆಯಿಂದ ಬಳಲುತ್ತಿದ್ದ 59 ಮಂದಿ ದೈವಭಕ್ತ ಕ್ರೈಸ್ತರಿಗೆ ಬೇರೆ ಬೇರೆ ರೀತಿಯ ಚಿಕಿತ್ಸೆ ಕೊಟ್ಟು ನೋಡಿದರು. ಯೋಚನೆಯ ಜಾಡು ತಿದ್ದುವ ಸಾಮಾನ್ಯ ಚಿಕಿತ್ಸೆ ಒಂದು ಗುಂಪಿಗೆ. ಅದೇ ಚಿಕಿತ್ಸೆಯನ್ನು ಅವರ ಧರ್ಮದ ಮಾತು, ಚಿತ್ರಗಳಲ್ಲಿ ಹೇಳಿದ್ದು ಇನ್ನೊಂದು ಗುಂಪಿಗೆ. ಎರಡನೆಯದು ಹೆಚ್ಚು ಫಲ ಕೊಟ್ಟಿತು. ಅಚ್ಚರಿಯೆಂದರೆ, ಆ ಧಾರ್ಮಿಕ ಚಿಕಿತ್ಸೆಯನ್ನು ಚೆನ್ನಾಗಿ ನಡೆಸಿಕೊಟ್ಟವರು ಸ್ವತಃ ಧಾರ್ಮಿಕರಲ್ಲದ ಚಿಕಿತ್ಸಕರು! ಅಧ್ಯಯನ ಸಣ್ಣದು, ಒಂದೇ ಅಧ್ಯಯನದಿಂದ ದೊಡ್ಡ ತೀರ್ಪು ಕೊಡಬಾರದು. ಆದರೂ ಚಿಕಿತ್ಸಕನ ಭಕ್ತಿಗಿಂತ ರೋಗಿಯ ನಂಬಿಕೆಗೆ ಕೊಡುವ ಗೌರವ ಮುಖ್ಯ ಎಂಬ ಸುಳಿವನ್ನಾದರೂ ಅದು ಕೊಡುತ್ತದೆ. ಬಿಎಲ್‌ಡಿಇ ಸಂಸ್ಥೆಯ ಬಿ. ಎಂ. ಪಾಟೀಲ ಮೆಡಿಕಲ್ ಕಾಲೇಜು, ಅಲ್ ಅಮೀನ್ ಮೆಡಿಕಲ್ ಕಾಲೇಜು ಎರಡೂ ಇರುವ ವಿಜಯಪುರದಲ್ಲಿ ಇದು ಹೊಸ ಪಾಠವೇನಲ್ಲ. ಲಿಂಗಾಯತ ಸಂಸ್ಥೆಯದೋ ಮುಸ್ಲಿಂ ಸಂಸ್ಥೆಯದೋ ಎಂದು ನೋಡಿ ಯಾರೂ ಓಪಿಡಿ ಚೀಟಿ ಮಾಡಿಸುವುದಿಲ್ಲ.

ಧರ್ಮವನ್ನು ಭ್ರಮೆ ಎಂದೇ ಬಗೆದ ಸಿಗ್ಮಂಡ್ ಫ್ರಾಯ್ಡ್‌ಗೆ ಜ್ಯೂರಿಕ್‌ನ ಸಭಾಪಾಲಕ ಆಸ್ಕರ್ ಫಿಸ್ಟರ್ 30 ವರ್ಷದ ಗೆಳೆಯನಾಗಿದ್ದ. 1909ರಲ್ಲಿ ಶುರುವಾದ ಅವರ ಪತ್ರವ್ಯವಹಾರ ಫ್ರಾಯ್ಡ್ ತೀರಿಕೊಂಡ 1939ರವರೆಗೆ ನಡೆಯಿತು. ಧರ್ಮವನ್ನು ಟೀಕಿಸಿ ಫ್ರಾಯ್ಡ್ 1927ರಲ್ಲಿ ಪುಸ್ತಕ ಬರೆದರೆ, ಫಿಸ್ಟರ್ ಮರುವರ್ಷ ಮುಲಾಜಿಲ್ಲದೆ ಉತ್ತರ ಬರೆದ. ಗೆಳೆತನ ಕೆಡಲಿಲ್ಲ. ನಮ್ಮಲ್ಲಿ ಮನೋವೈದ್ಯರು ಸ್ವಾಮಿಗಳನ್ನು, ಸ್ವಾಮಿಗಳು ಮನೋವೈದ್ಯರನ್ನು ದೂರದಿಂದಲೇ ಗುಮಾನಿಯಿಂದ ನೋಡುವುದನ್ನು ಕಂಡಾಗ ಆ ಪತ್ರಗಳ ನೆನಪಾಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಅದು ಅಷ್ಟು ಚಂದವಿಲ್ಲ.

ಕ್ರೈಸ್ತರೊಳಗೇ ಮನೋವೈದ್ಯವನ್ನು ಹೊರಗಟ್ಟಬೇಕೆನ್ನುವ ಪಂಥವೊಂದಿದೆ. ಅಮೆರಿಕದ ಜೇ ಆಡಮ್ಸ್ 1970ರಲ್ಲಿ ಬರೆದ ಪುಸ್ತಕದಿಂದ ಈ ವಾದ ಬಲ ಪಡೆಯಿತು: ಮನಸ್ಸಿನ ಬಹುತೇಕ ತೊಂದರೆಗಳ ಬೇರು ಪಾಪದಲ್ಲಿದೆ, ಬೈಬಲ್ ಬಲ್ಲ ಪಾಸ್ಟರನೇ ಸಾಕು. ನಮ್ಮ ಊರುಗಳ ಕೆಲವು ಸ್ವಸ್ಥತೆಯ ಕೂಟಗಳಲ್ಲಿ ಅದರ ಅಗ್ಗದ ಆವೃತ್ತಿ ಕೇಳಿಸುತ್ತದೆ. ‘ಮಾತ್ರೆ ನುಂಗುವುದೆಂದರೆ ವಿಶ್ವಾಸ ಕಡಿಮೆಯಾಯಿತು ಎಂದರ್ಥ’ ಎಂದು ಮೈಕಿನಲ್ಲಿ ಹೇಳಿದರೆ, ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುತ್ತಿದ್ದ ಹುಡುಗ ಆ ರಾತ್ರಿಯೇ ಡಬ್ಬಿ ಎಸೆಯಬಹುದು. ಎರಡು ವಾರ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಸಾಕ್ಷಿ ಹೇಳಲು ವೇದಿಕೆಯನ್ನೂ ಹತ್ತುತ್ತಾನೆ. ಮೂರನೆಯ ವಾರ ನಿದ್ದೆ ಹಾರಿಹೋಗುತ್ತದೆ. ಆಗ ಮೈಕು ಹಿಡಿದವರು ಬೇರೆ ಊರಲ್ಲಿರುತ್ತಾರೆ.

ಪಾಪ, ಅಪರಾಧ ಎಂಬ ಮಾತು ಖಿನ್ನತೆಯವನ ಕಿವಿಗೆ ಬಿದ್ದರೆ ಏನಾಗುತ್ತದೆಂದು ಇಂಥವರಿಗೆ ಗೊತ್ತಿರುವುದಿಲ್ಲ. ತನ್ನ ಮೇಲೆ ಇಲ್ಲದ ತಪ್ಪು ಹೊರಿಸಿಕೊಳ್ಳುವುದು ಆ ಕಾಯಿಲೆಯ ಲಕ್ಷಣವೇ. ಅಂಥವನಿಗೆ ಪಶ್ಚಾತ್ತಾಪ ಪಡು ಎಂದರೆ ರೋಗಕ್ಕೆ ಗೊಬ್ಬರ ಹಾಕಿದಂತೆ.

ವಿಪರ್ಯಾಸವೆಂದರೆ ಹಳೆಯ ಸಭೆಗಳ ನಿಯಮಗಳು ಇಂಥ ಉತ್ಸಾಹಿಗಳಿಗಿಂತ ಎಷ್ಟೋ ಎಚ್ಚರದವು. ದೆವ್ವ ಬಿಡಿಸುವ ವಿಧಿಯ ಬಗ್ಗೆ ಕೆಥೋಲಿಕ ಸಭೆಯ ಧರ್ಮೋಪದೇಶ ಗ್ರಂಥವೇ, ಎದುರಿಗಿರುವುದು ಕಾಯಿಲೆಯಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು, ಕಾಯಿಲೆಯಾದರೆ ಅದು ವೈದ್ಯಶಾಸ್ತ್ರದ ಕ್ಷೇತ್ರ ಎನ್ನುತ್ತದೆ. ಜೆಸ್ವಿತ್ ಸಂಘ ಕಟ್ಟಿದ ಲೊಯೋಲಾದ ಇಗ್ನೇಷಿಯಸ್ 1548ರಲ್ಲಿ ಅಚ್ಚಾದ ತನ್ನ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ ಒಂದು ಸೂತ್ರ ಹೇಳಿದ್ದಾನೆ: ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡ. ಮಂಗಳೂರಿನ ಫಾತಿಮಾ ಧ್ಯಾನಮಂದಿರದಂಥ ಕಡೆ ಇವತ್ತಿಗೂ ಈ ಸಾಧನೆಯ ಧ್ಯಾನಕೂಟಗಳು ನಡೆಯುತ್ತವೆ. ಖಿನ್ನತೆಯಲ್ಲಿರುವವರಿಗೆ ಮನೆ ಮಾರುವ, ನೌಕರಿ ಬಿಡುವ, ಸೋಡಚೀಟಿ ಕೇಳುವ ತೀರ್ಮಾನ ಮುಂದೂಡಿ ಎಂದು ಈಗಿನ ಮನೋವೈದ್ಯರೂ ಹೇಳುತ್ತಾರೆ. ಐದು ಶತಮಾನದ ಹಿಂದಿನ ಸನ್ಯಾಸಿಯೂ ಇವತ್ತಿನ ವೈದ್ಯರೂ ಬೇರೆ ಬೇರೆ ದಾರಿಯಿಂದ ಒಂದೇ ಕಡೆ ಬಂದು ನಿಂತಿದ್ದಾರೆ.

ಜಾಲರಿಯ ಆಚೆ ಕೂತ ಪಾದ್ರಿಗೆ ತನ್ನ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯ ಸಂಗತಿ ಇನ್ನೂ ಸೂಕ್ಷ್ಮ. ಅಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಸಭೆಯ ಕಾನೂನಿನಲ್ಲಿ ಇದಕ್ಕೆ ವಿನಾಯಿತಿಯೇ ಇಲ್ಲ. ಹಾಗಾದರೆ ಒಬ್ಬ ಹುಡುಗ ಆ ಜಾಲರಿಯ ಆಚೆಯಿಂದ ‘ಫಾದರ್, ಬದುಕೋದು ಬೇಡ ಅನಿಸ್ತದ’ ಎಂದರೆ? ಮನೆಯವರಿಗೆ ಫೋನ್ ಮಾಡುವಂತಿಲ್ಲ, ಡಾಕ್ಟರಿಗೆ ತಿಳಿಸುವಂತಿಲ್ಲ. ಪಳಗಿದ ಪಾದ್ರಿಗಳು ಮಾಡುವುದಿಷ್ಟೇ: ‘ಇದನ್ನ ಹೊರಗೆ ಕೂತು ಮಾತಾಡೋಣ, ಈಗಲೇ ಬಾ’ ಎಂದು ಕೇಳಿಕೊಳ್ಳುತ್ತಾರೆ. ಹೊರಗಿನ ಬೆಂಚಿನ ಮೇಲೆ ಅದೇ ಮಾತು ಮತ್ತೊಮ್ಮೆ ಬಂದರೆ ಅದು ಆಪ್ತಸಮಾಲೋಚನೆ. ಅಲ್ಲಿ ಹುಡುಗನ ಒಪ್ಪಿಗೆ ಪಡೆದು ಜೊತೆಗೆ ಕರೆದೊಯ್ಯಲು ದಾರಿಯಿದೆ. ಹೀಗೆ ಜಾಲರಿಯಿಂದ ಬೆಂಚಿಗೆ ಕರೆತರುವ ಜಾಣ್ಮೆ ಕಲಿಸದೆ ಯಾವ ಗುರುಮಠದವರೂ ಯಾರಿಗೂ ದೀಕ್ಷೆ ಕೊಡಬಾರದು.

ಗುಟ್ಟು ಬಲ್ಲವನ ಕೈಯಲ್ಲಿ ಅಧಿಕಾರವೂ ಇರುತ್ತದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನೇ ಬಳಸಿ ಹೆಣ್ಣುಮಗಳೊಬ್ಬಳನ್ನು ಹೆದರಿಸಿ ಶೋಷಿಸಿದರು ಎಂಬ ಆರೋಪ 2018ರಲ್ಲಿ ಕೇರಳದ ಕೆಲವು ಪಾದ್ರಿಗಳ ಮೇಲೆ ಬಂದಾಗ ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿಯನ್ನೇ ರದ್ದು ಮಾಡುವಂತೆ ಶಿಫಾರಸು ಮಾಡಿತು. ಶಿಫಾರಸು ಅತಿಯಾಯಿತು, ಆದರೆ ಪ್ರಶ್ನೆ ಸುಳ್ಳಲ್ಲ. ತರಬೇತಿ ಪಡೆದ ಚಿಕಿತ್ಸಕನಿಗೆ ಮೇಲ್ವಿಚಾರಕನಿರುತ್ತಾನೆ, ದೂರು ಕೊಡಲು ಒಂದು ಜಾಗವಿರುತ್ತದೆ. ಧರ್ಮಗುರುವಿನ ಮೇಲೆ ಯಾರಿಗೆ ದೂರು ಕೊಡಬೇಕು? ಪಾದ್ರಿಗೆ ಮಾತ್ರವಲ್ಲ, ಏಕಾಂತದಲ್ಲಿ ಕಷ್ಟ ಕೇಳುವ ಎಲ್ಲ ಮಠ, ಆಶ್ರಮ, ದರ್ಗಾಗಳಿಗೂ ಈ ಪ್ರಶ್ನೆ ಹಾಕಬೇಕು.

ಮತಾಂತರದ ಗುಮಾನಿಯನ್ನು ಬಿಟ್ಟು ಈ ವಿಷಯ ಬರೆಯುವುದು ಆತ್ಮವಂಚನೆ. ರಾಜ್ಯದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಈ ಹಗ್ಗಜಗ್ಗಾಟದ ನಡುವೆ ಸಿಸ್ಟರೊಬ್ಬರು ರೋಗಿಯ ತಲೆ ಮೇಲೆ ಕೈಯಿಟ್ಟು ಎರಡು ಮಾತು ಪ್ರಾರ್ಥಿಸಿದರೂ ಅನುಮಾನ ಏಳುತ್ತದೆ. ಕಾನೂನು ಏನೇ ಇರಲಿ, ವೃತ್ತಿಯ ನೀತಿ ನೇರವಾಗಿದೆ: ಎದುರಿಗಿರುವವರು ಕೇಳದೆ ಪ್ರಾರ್ಥನೆ ಎತ್ತಬಾರದು, ಬೇರೆ ಧರ್ಮದವರಾದರೆ ಅವರ ದೇವರನ್ನೇ ನೆನೆಯಲು ಬಿಡಬೇಕು. ಮನಸ್ಸು ಮುರಿದು ಕೂತವನು ಯಾವುದಕ್ಕೂ ಹೂಂ ಅನ್ನುತ್ತಾನೆ. ಆ ಹೂಂಗುಟ್ಟುವಿಕೆಯನ್ನು ಒಪ್ಪಿಗೆ ಎಂದುಕೊಳ್ಳುವವರು ಯಾವ ಧರ್ಮದವರಾದರೂ ಆ ಕುರ್ಚಿಗೆ ಲಾಯಕ್ಕಲ್ಲ. ಹಾಗೆಯೇ, ರೋಗಿಯೇ ‘ನನಗಾಗಿ ಪ್ರಾರ್ಥನೆ ಮಾಡ್ರಿ ಸಿಸ್ಟರ್’ ಎಂದು ಕೇಳಿದಾಗಲೂ ಹೆದರಿ ಕೈ ಹಿಂದೆಳೆಯುವ ಸ್ಥಿತಿ ಬಂದರೆ ಅದೂ ರೋಗಿಗಾದ ಅನ್ಯಾಯವೇ.

ಈ ನಾಡಿನಲ್ಲಿ ಧರ್ಮಗುರುವಿನ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮುದ್ದೇಬಿಹಾಳದವರಿಗೆ ಉದಾಹರಣೆ ಪಕ್ಕದಲ್ಲೇ ಇದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ಬೇಡುತ್ತಿದ್ದದ್ದು ಜೋಳ, ರೊಕ್ಕವಲ್ಲ, ಕುಡಿತ, ತಂಬಾಕಿನ ಚಟಗಳನ್ನು. ‘ಮಹಾಂತ ಜೋಳಿಗೆ’ ಎಂದೇ ಹೆಸರಾದ ಆ ನಡಿಗೆಯ ನೆನಪಿಗೆ ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕಾವಿಯ ಜೋಳಿಗೆಗೆ ಸಾರಾಯಿ ಚಟ ಹಾಕಿದವನು ಮರುದಿನ ಕೈ ನಡುಗುವಾಗ ಆ ಕಾವಿಗೆ ಕೊಟ್ಟ ಮಾತಿಗೆ ಕಟ್ಟುಬೀಳುತ್ತಾನೆ. ಇದು ಆಧ್ಯಾತ್ಮಿಕ ಮಾರ್ಗದರ್ಶನವೇ, ಚಿಕಿತ್ಸೆಯ ಫಲವನ್ನೂ ಕೊಡುವಂಥದ್ದು.

ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಕುಡಿತ ಬಿಡುವವರ ಕೂಟ ಒಂದು ಕ್ರೈಸ್ತ ಚಳವಳಿಯ ಮಡಿಲಿಂದಲೇ ಬಂದದ್ದು. ಆದರೆ ಅದು ದೇವರನ್ನು ‘ಅವರವರು ತಿಳಿದಂತೆ’ ಎಂದು ಬಿಟ್ಟುಕೊಟ್ಟಿತು. ಆದ್ದರಿಂದಲೇ ಎಲ್ಲ ಧರ್ಮದ ಕುಡುಕರೂ ಅಲ್ಲಿ ಕುರ್ಚಿ ಎಳೆದು ಕೂರಬಲ್ಲರು. ಮುಂಬೈಯಲ್ಲಿ 1981ರಲ್ಲಿ ಕೃಪಾ ಪ್ರತಿಷ್ಠಾನ ಆರಂಭಿಸಿದ ಕೆಥೋಲಿಕ ಪಾದ್ರಿ ಜೋ ಪಿರೇರಾ ಆ ಕೂಟದ ಹನ್ನೆರಡು ಮೆಟ್ಟಿಲುಗಳ ಕ್ರಮಕ್ಕೆ ಕೋಲಾರ ಸೀಮೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರ ಯೋಗವನ್ನು ಸೇರಿಸಿದರು. ಹಾಗಿದ್ದೂ ಒಂದು ವಿಷಯ ಮರೆಯುವಂತಿಲ್ಲ. ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಮೂರ್ಛೆ, ಸನ್ನಿ ಬರಬಹುದು, ಜೀವಕ್ಕೂ ಎರವಾಗಬಹುದು. ಪ್ರತಿಜ್ಞೆ ಮಾಡಿಸುವ ಗುರುವಿನ ಪಕ್ಕ ಆ ವಾರ ವೈದ್ಯನೂ ಇರಬೇಕು.

ಗುಡಿಯ ಮಾತಿಗೂ ಇದೇ ಅನ್ವಯ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ನೋಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಕೆಲವು ವಾರಗಳ ವಾಸದಲ್ಲಿ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದವು. ವಿಶೇಷ ಮಂತ್ರತಂತ್ರವೇನೂ ಇರಲಿಲ್ಲ. ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಜೊತೆಗೆ ಮನೆಯವರು, ಬೈಯದ ಜನ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಆಸುಪಾಸಿನ ಖಾಸಗಿ ‘ಆಶ್ರಯ’ವೊಂದಕ್ಕೆ ಬೆಂಕಿ ಬಿದ್ದಾಗ 28 ಮನೋರೋಗಿಗಳು ಸುಟ್ಟು ಸತ್ತರು. ಸರಪಳಿಯಲ್ಲಿದ್ದ ಅವರಿಗೆ ಓಡಲಾಗಲಿಲ್ಲ. ಎರಡೂ ಕಡೆ ಜನ ಹೋದದ್ದು ನಂಬಿಕೆಯಿಂದಲೇ. ಒಂದು ಕಡೆ ಅಂಗಳ ಸಿಕ್ಕಿತು, ಇನ್ನೊಂದು ಕಡೆ ಸರಪಳಿ. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಏರ್ವಾಡಿ ದರ್ಗಾದಲ್ಲಿಯೇ ಆಮೇಲೆ ದುವಾದ ಜೊತೆ ದವಾ, ಅಂದರೆ ಪ್ರಾರ್ಥನೆಯ ಜೊತೆ ಔಷಧ, ಎಂಬ ಯೋಜನೆ ಬಂತು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲೂ ಮುಜಾವರರೇ ಭಕ್ತರನ್ನು ಆವರಣದೊಳಗಿನ ಮನೋವೈದ್ಯರ ಬಳಿ ಕಳಿಸುತ್ತಾರೆ.

ಆಲಮೇಲದಲ್ಲಿ ಇದು ಆಗಬಾರದೇಕೆ? ತಾಲ್ಲೂಕು ಕೇಂದ್ರವಾಗಿ ಕೆಲವೇ ವರ್ಷಗಳಾದ ಊರಿದು. ಇಲ್ಲಿಗೆ ಪೂರ್ಣಾವಧಿ ಮನೋವೈದ್ಯರು ಬರುವುದು ಸದ್ಯಕ್ಕೆ ಕನಸು. ಆದರೆ ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಸಾಮಾನ್ಯ ಮನೋರೋಗಗಳನ್ನು ನೋಡಬಲ್ಲರು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ‘ಮನೋಚೈತನ್ಯ’ ಯೋಜನೆ ರಾಜ್ಯದ್ದೇ. 2022ರ ಅಕ್ಟೋಬರ್ 10ರಿಂದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲೇ, ಕಾಸಿಲ್ಲದೆ ಮಾತಾಡಬಹುದು. ಗುಡಿಯ ಗೋಡೆ, ಚರ್ಚಿನ ನೋಟಿಸ್ ಬೋರ್ಡು, ದರ್ಗಾದ ಕಮಾನು, ಜ್ಞಾನಯೋಗಾಶ್ರಮದವರು ಊರೂರಲ್ಲಿ ನಡೆಸುವ ಪ್ರವಚನದ ಪೆಂಡಾಲು, ಇಷ್ಟರಲ್ಲಿ ಆ ಐದು ಅಂಕಿ ಬರೆಯಲು ಎಷ್ಟು ಬಣ್ಣ ಬೇಕು?

ಬರೆದರೆ ಸಾಲದು, ಹೇಳುವ ಬಾಯಿಯೂ ಕಲಿತಿರಬೇಕು. ಅಮೆರಿಕದ ಆಂಟನ್ ಬೋಯ್ಸನ್ ಎಂಬ ಪಾಸ್ಟರ್ ಸ್ವತಃ ಚಿತ್ತಭ್ರಮೆಗೆ ತುತ್ತಾಗಿ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡವನು. 1925ರಲ್ಲಿ ಆತ ದೈವಜ್ಞಾನದ ವಿದ್ಯಾರ್ಥಿಗಳನ್ನು ವೂಸ್ಟರ್‌ನ ಸರ್ಕಾರಿ ಮನೋರೋಗಾಸ್ಪತ್ರೆಯ ವಾರ್ಡುಗಳಿಗೆ ಕರೆದೊಯ್ದು ಬೇಸಿಗೆ ಪೂರ್ತಿ ಅಲ್ಲೇ ದುಡಿಸಿದ. ಪುಸ್ತಕಕ್ಕಿಂತ ರೋಗಿಗಳನ್ನು ಓದಿ ಎಂಬುದು ಅವನ ಹಟ. ನಮ್ಮಲ್ಲಿ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಓದುವ ಸಭಾಪಾಲಕರಿಗೂ, ಮಠಗಳಲ್ಲಿ ಓದುವ ಮರಿಗಳಿಗೂ ಧಾರವಾಡದ ಮನೋರೋಗಾಸ್ಪತ್ರೆ ಡಿಮ್ಹಾನ್ಸ್‌ನ ವಾರ್ಡಿನಲ್ಲಿ ಒಂದು ತಿಂಗಳು ಕಡ್ಡಾಯ ಮಾಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಗಾಳಿ ಹಿಡಿದದ್ದಕ್ಕೂ ಸ್ಕಿಜೋಫ್ರೇನಿಯಾಕ್ಕೂ, ವೈರಾಗ್ಯಕ್ಕೂ ಖಿನ್ನತೆಗೂ ಇರುವ ಅಂತರ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಆಪ್ತಸಮಾಲೋಚಕ ಎಂದು ಬೋರ್ಡು ಹಾಕಿಕೊಳ್ಳಲು ಇಷ್ಟು ದಿನ ಈ ದೇಶದಲ್ಲಿ ಯಾವ ಲಗಾಮೂ ಇರಲಿಲ್ಲ. ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ 2021ರಲ್ಲಿ ಬಂದ ರಾಷ್ಟ್ರೀಯ ಆಯೋಗದ ಕಾಯ್ದೆ ಮನೋ-ವರ್ತನೆಯ ಕ್ಷೇತ್ರದವರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದು ಪೂರ್ತಿ ಜಾರಿಯಾದ ಮೇಲೂ ಪಾದ್ರಿ, ಪೂಜಾರಿ, ಮುಜಾವರರು ಹೊರಗೇ ಉಳಿಯುತ್ತಾರೆ. ಉಳಿಯಲಿ, ದೇವರ ಮಾತಾಡಲು ಪರವಾನಗಿ ಕೇಳುವ ಕಾಲ ಬರುವುದು ಬೇಡ. ಅವರಿಂದ ಕೇಳಬೇಕಾದದ್ದು ಪರವಾನಗಿಯಲ್ಲ, ಒಂದು ಅಂಗೈಯಗಲದ ಚೀಟಿ. ನಿದ್ದೆಯಿಲ್ಲದೆ ಎಷ್ಟು ದಿನ, ಸಾಯುವ ಮಾತು ಆಡಿದ್ದುಂಟೋ, ಕಿವಿಯಲ್ಲಿ ದನಿ ಕೇಳುತ್ತದೋ, ಕುಡಿತ ಉಂಟೋ, ಹೆರಿಗೆಯಾಗಿ ಎಷ್ಟು ತಿಂಗಳು ಎಂಬ ನಾಲ್ಕೈದು ಪ್ರಶ್ನೆ. ಕೆಳಗೆ ಮಂಗಳವಾರದ ಕ್ಲಿನಿಕ್ಕಿನ ವಿಳಾಸ. ಪೂಜೆ ಮುಗಿಸಿ, ಪ್ರಾರ್ಥನೆ ಮುಗಿಸಿ, ತಾಯಿತ ಕಟ್ಟಿ, ಕೊನೆಗೆ ಈ ಚೀಟಿಯನ್ನು ಅದೇ ಕೈಯಿಂದ ಕೊಡಬೇಕು. ಆಶಾ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ವಿಜಯಪುರದಲ್ಲಿ ಇದ್ದೇ ಇದೆ. ಮುಂದಿನ ತರಬೇತಿಯ ಪಟ್ಟಿಗೆ ಆಲಮೇಲ, ಇಂಡಿ, ಸಿಂದಗಿಯ ಧರ್ಮಗುರುಗಳ ಹೆಸರು ಸೇರಿಸಲು ಹೊಸ ಆದೇಶವೂ ಬೇಡ, ಹೊಸ ಅನುದಾನವೂ ಬೇಡ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಿಂದ ಒಂದು ಕರೆಯೋಲೆ ಹೊರಟರೆ ಸಾಕು.